ನಾರಾಯಣರಾಯರ ಹುಲ್ಲುಹಾಸು

ಚಿಮಣಿ ಎಣ್ಣೆಯ ವಾಸನೆ. ಅಲಕಾಬಾಯಿ ಅಂಗಳದಲ್ಲಿ ಬಗ್ಗಿ ಮತ್ತೊಮ್ಮೆ ಮೂಸಿದರು. ಅನುಮಾನವೇ ಇಲ್ಲ. ಬನಹಟ್ಟಿಯ ತವರಿನಲ್ಲಿ, ಕರೆಂಟು ಹೋದ ಸಂಜೆಗಳಲ್ಲಿ, ತಮ್ಮಂದಿರ ನಡುವೆ ಕುಳಿತು ಮಗ್ಗಿ ಬಾಯಿಪಾಠ ಮಾಡುವಾಗ ಮೂಗಿಗೆ ಹತ್ತುತ್ತಿದ್ದ ವಾಸನೆ ಇದೇ. ಅರವತ್ತು ವರ್ಷದ ಮೇಲೆ ಅದು ಜಮಖಂಡಿಯ ತಮ್ಮ ಹುಲ್ಲುಹಾಸಿನಿಂದ ಏಳುತ್ತಿತ್ತು.

ವಾಸನೆ ಇದ್ದಲ್ಲೆಲ್ಲ ಹುಲ್ಲು ಹಳದಿಯಾಗಿತ್ತು. ಮೊನ್ನೆ ಒಂದು ತಟ್ಟೆಯಗಲ. ಇವತ್ತು ಮೂರು ಕಡೆ. ಇದು ಬಿಸಿಲಿನ ಕೆಲಸವಲ್ಲ. ಯಾರೋ ಬೇಕೆಂದೇ ಸುಡುತ್ತಿದ್ದಾರೆ.

ಪಕ್ಕದ ಮನೆಯ ರತ್ನಾಬಾಯಿ ಕಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿದ್ದರು. ಮೇ ತಿಂಗಳು. ನಳಕ್ಕೆ ಎಂಟು ದಿನಕ್ಕೊಮ್ಮೆ ನೀರು.

“ವೈನಿ, ನಮಗ ಕುಡೀಲಿಕ್ಕೆ ನೀರಿಲ್ಲ, ನೀವು ಹುಲ್ಲಿಗೆ ಜಳಕಾ ಮಾಡಸ್ತೀರಿ. ಇನ್ನ ಕೂಸಿಗೆ ಹಚ್ಚಿದಂಗ ಪೌಡರ್ ಹಚ್ಚಿ ಕುಂಚಗಿ ಕಟ್ರಿ, ಆತು!”

“ಅದು ಟ್ಯಾಂಕರ್ ನೀರು, ರತ್ನಾಬಾಯಿ. ನಿಮ್ಮ ಪಾಲಿಂದಲ್ಲ.”

ಟ್ಯಾಂಕರ್ ಮೂರು ದಿನಕ್ಕೊಮ್ಮೆ ಬರಬೇಕಿತ್ತು. ಅದರ ಮೇಲೆ ಗೊಬ್ಬರ, ಗೆದ್ದಲಿನ ಪುಡಿ, ಹುಲ್ಲು ಕತ್ತರಿಸುವ ಯಂತ್ರದ ಸಾಣೆ. ಗಂಡ ಹೋದ ಮೇಲೆ ಪಿಂಚಣಿ ಅರ್ಧವಾಗಿತ್ತು. ಮೊದಲ ಬೇಸಿಗೆಗೆ ಅಡುಗೆಯವಳನ್ನು ಬಿಡಿಸಿದರು. ಎರಡನೆಯದಕ್ಕೆ ಕೈಯ ಬಂಗಾರದ ಪಾಟಲಿ ಹೋದವು. ಇದು ಮೂರನೆಯದು. ರಾತ್ರಿ ಊಟ ಈ ವಯಸ್ಸಿಗೆ ಭಾರ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು.

ಹುಚ್ಚು ಎಂದು ಓಣಿ ಅಂದುಕೊಂಡಿತ್ತು. ಅಲಕಾಬಾಯಿಗೆ ಅದು ಗಂಡನಿಗೆ ಕೊಟ್ಟ ಮಾತು.

ನಾರಾಯಣರಾಯರು ನೀರಾವರಿ ಇಂಜಿನಿಯರ್ ಆಗಿದ್ದವರು. ನಿವೃತ್ತಿಯ ಮರುವರ್ಷ ಈ ಹುಲ್ಲು ಹಾಸಿಸಿ, ದಿನಾ ಸಂಜೆ ಚಪ್ಪಲಿ ಕಳಚಿ ಅದರ ಮೇಲೆ ನಡೆಯುತ್ತಿದ್ದರು. “ಈ ಊರಾಗ ಕಾಲಿಗೆ ತಂಪು ಅಂದ್ರ ಇದೊಂದ ನೋಡು,” ಎನ್ನುತ್ತಿದ್ದರು. ಅವರು ತೀರಿಕೊಂಡ ಹತ್ತನೆಯ ದಿನ, ಕೃಷ್ಣೆಯ ದಂಡೆಯಲ್ಲಿ, ಕಾಗೆ ಪಿಂಡ ಮುಟ್ಟಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಇಳಿಯುವುದಿಲ್ಲ. ಉಳಿದವರು ಅದನ್ನು ತೀರಿಸುವ ಮಾತು ಕೊಡಬೇಕು. ಕರ್ಮ ಮಾಡುತ್ತಿದ್ದ ರಾಯರ ಅಣ್ಣನ ಮಗ ವಿಶ್ವಾಸ ಏನೇನೋ ಹೇಳಿ ನೋಡಿದ. ಬೇವಿನ ಟೊಂಗೆಯ ಮೇಲಿನ ಕಾಗೆ ಕದಲಲಿಲ್ಲ. ತಾಸು ಕಳೆಯಿತು. ಕೊನೆಗೆ ಮನೆಯ ಆಳು ಕಾಮಣ್ಣನನ್ನು ಆಟೋದಲ್ಲಿ ಕಳಿಸಿ ಮನೆಯಿಂದ ಅಲಕಾಬಾಯಿಯನ್ನೇ ಕರೆಸಿದರು.

“ನಿಮ್ಮ ಹುಲ್ಲು ಒಣಗಗೊಡೂದಿಲ್ಲ,” ಎಂದು ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ರೆಕ್ಕೆಯ ಸಪ್ಪಳ ಕೇಳಿತು. ಕಣ್ಣು ತೆರೆದಾಗ ಕಾಗೆ ಪಿಂಡದ ಮೇಲಿತ್ತು.

ಅಂಥ ಮಾತನ್ನು ಮುರಿಯುವುದು ಹೇಗೆ? ಹುಲ್ಲು ಸತ್ತರೆ ಅವರ ಜೀವ ಮತ್ತೆ ಅಲೆಯಬೇಕು.

ಕಾಮಣ್ಣನೊಬ್ಬ ಈ ಹುಲ್ಲಿನ ಬಗ್ಗೆ ಎಂದೂ ಕೊಂಕು ಆಡಿದವನಲ್ಲ. ಕುರಿ ಕಾಯುವ ಮನೆತನದವನು. ಹನ್ನೆರಡು ವರ್ಷದಿಂದ ಹುಲ್ಲಿನ ಆರೈಕೆ ಅವನದೇ. ದಿನಾ ಬೆಳಿಗ್ಗೆ ಹಿತ್ತಲಿಂದ ಬಂದು, “ಊಟ ಆತೇನ್ರಿ, ಬಾಯಾರ?” ಎನ್ನುತ್ತಿದ್ದ. ಈ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಮಾತು. “ಆತಪ್ಪ,” ಎನ್ನುತ್ತಿದ್ದರು. ಕೆಲವು ದಿನ ಕಟ್ಟೆಯ ಮೇಲೆ ನಾಲ್ಕು ಬದನೆಕಾಯಿಯೋ ಸೇರು ಶೇಂಗಾವೋ ಇಟ್ಟು, “ಹೊಲದಾಗ ಹೆಚ್ಚಾಗಿದ್ದೂರಿ,” ಎಂದು ಹೋಗುತ್ತಿದ್ದ. ಅವನಿಗೆ ಹೊಲ ಎಲ್ಲಿದೆ ಎಂದು ಅಲಕಾಬಾಯಿ ಕೇಳಿರಲಿಲ್ಲ.

ಆ ಮಧ್ಯಾಹ್ನ ಅವರು ಮಲಗಲಿಲ್ಲ. ಕಿಟಕಿಯ ಹಿಂದೆ ಕುಳಿತರು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಎರಡು ಗಂಟೆಗೆ ಗೇಟು ತೆರೆಯಿತು. ಬಂದವರು ಬಾಗಿ, ಬಾಟಲಿಯ ಬಿರಡೆ ತೆಗೆದು, ಹಸಿರಿನ ಮೇಲೆ ಸುರಿಯತೊಡಗಿದರು.

ರತ್ನಾಬಾಯಿ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು.

“ಕಾಮಣ್ಣ!”

ಅವನು ಓಡಲಿಲ್ಲ. ಬಾಟಲಿ ಕೆಳಗಿಟ್ಟು ನಿಂತ. “ಕುರಿ ಹುಣ್ಣಿಗೆ ಹಾಕೂ ಎಣ್ಣಿರಿ,” ಎಂದ, ಅದನ್ನೇ ಕೇಳಿದರೆಂಬಂತೆ.

ಅಲಕಾಬಾಯಿ ಬಾಗಿಲು ತೆಗೆದು ಕಟ್ಟೆಗೆ ಬಂದರು. “ಯಾರು ಹೇಳಿ ಮಾಡಸ್ಲಿಕತ್ತಾರೋ? ರತ್ನಾಬಾಯಿ ರೊಕ್ಕಾ ಕೊಟ್ಟಾಳೇನು?”

“ಇಲ್ರಿ.”

“ನಾ ಅವರಿಗೆ ಕೊಟ್ಟ ಮಾತು ನಿನಗ ಗೊತ್ತಿಲ್ಲೇನು?”

“ಗೊತ್ತೈತ್ರಿ.”

“ಮತ್ಯಾಕೋ, ಕಾಮಣ್ಣ?”

ಅವನು ನೆಲ ನೋಡಿದ. “ಇದು ಜೀವಂತ ಇರೂತನಾ ನೀವು ಉಣ್ಣಂಗಿಲ್ರಿ. ಹಿತ್ತಲದಾಗ ದಿನಾ ನಿಮ್ಮ ಮುಸರಿ ಭಾಂಡೆ ನೋಡ್ತೀನ್ರಿ. ಮೂರ ದಿನ ಆತು, ಒಂದ ಚಾದ ಕಪ್ಪ ಬಿಟ್ರ ಏನೂ ಇಲ್ರಿ.”

ಅಲಕಾಬಾಯಿ ಕಾಯ್ದ ಕಟ್ಟೆಯ ಮೇಲೆ ಹಾಗೆಯೇ ಕುಸಿದು ಕುಳಿತರು. ಮೂರು ವರ್ಷದಿಂದ ಒಂಟಿಯಾಗಿ ಹಿಡಿದಿಟ್ಟಿದ್ದ ಅಳು ಒಡೆದು ಬಂತು.

“ನನ್ನ ಮಾತು ಕೇಳಿ ಕಾಗಿ ಇಳೀತಲ್ಲೋ. ನೀನೂ ಅಲ್ಲೇ ಇದ್ದಿ.”

“ನೀವು ಕಣ್ಣ ಮುಚ್ಚಿದ್ರಿ, ಬಾಯಾರ. ನಿಮ್ಮ ಮಾತ ಮುಗದ ಮ್ಯಾಲೂ ಅದು ಟೊಂಗಿ ಬಿಟ್ಟಿರಲಿಲ್ರಿ.”

ಅವರು ತಲೆಯೆತ್ತಿದರು. ಕಾಮಣ್ಣ ಗೇಟಿನ ಬಳಿ ಸೈಕಲ್ಲಿಗೆ ನೇತುಹಾಕಿದ್ದ ತನ್ನ ಬುತ್ತಿಯನ್ನು ಬಿಡಿಸಿಕೊಂಡು ಬಂದ. ಹೆಂಡತಿ ಸಾತವ್ವ ಕಟ್ಟಿಕೊಟ್ಟದ್ದು. ರೊಟ್ಟಿ, ಪುಂಡಿಪಲ್ಯ. ಬೇಯಿಸಿದ್ದನ್ನು ಈ ಮನೆಗೆ ಅವನು ಎಂದೂ ತಂದಿರಲಿಲ್ಲ. ತರುವ ರೂಢಿಯೂ ಇರಲಿಲ್ಲ. ಇವತ್ತು ಕಟ್ಟೆಯ ಮೆಟ್ಟಿಲು ಹತ್ತಿದ.

“‘ಬಾಯಾರನ್ನ ಉಪಾಸ ಇರಗೊಡೂದಿಲ್ರಿ, ಸಾಹೇಬ್ರ’ ಅಂತ ಹಿಂದ ನಿಂತು ನಾ ಅಂದ್ನಿ, ಆಗ ಇಳೀತ್ರಿ,” ಎಂದು ಮೆಲ್ಲಗೆ ಹೇಳಿ, ಕಾಮಣ್ಣ ಎರಡೂ ಕೈಯಲ್ಲಿ ಬುತ್ತಿಯನ್ನು ಅವರ ಮುಂದೆ ಹಿಡಿದ.