ಸದ್ದಿಲ್ಲದ ಪಾತ್ರ

"ಮನೇಲಿ ಮೂರು ಜನ ಅಂತ ಬರೆದಿದ್ದೀಯ. ನನಗೆ ಇಬ್ಬರೇ ಕೇಳಿಸ್ತಿದ್ದಾರಲ್ಲಮ್ಮ?" ಮೇಷ್ಟ್ರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

ಹುಡುಗಿ ತಬ್ಬಿಬ್ಬಾದಳು. 'ನಮ್ಮ ಮನೆಯ ಸಂಜೆ' ಶಾಲೆಯ ಗೋಡೆಪತ್ರಿಕೆಯಲ್ಲಿ ಬಂದಾಗ ಇದೇ ಮೇಷ್ಟ್ರು ಭೇಷ್ ಅಂದಿದ್ದರು. ಈಗ ಅದೇ ಕಥೆಯನ್ನು ರೇಡಿಯೋ ನಾಟಕ ಮಾಡಬೇಕಿತ್ತು. ಅಮ್ಮ ಫೋನಿನಲ್ಲಿ ಗಹಗಹಿಸುವುದು, ಪಾತ್ರೆ ತೊಳೆಯುವುದು, ತಾನು ಗಟ್ಟಿಯಾಗಿ ಓದಿಕೊಳ್ಳುವುದು, ಎಲ್ಲವನ್ನೂ ರೆಕಾರ್ಡರಿನಲ್ಲಿ ಹಿಡಿದು ತಂದಿದ್ದಳು.

"ಅಂಕಲ್ ಇದ್ದಾರೆ ಸರ್. ಕಿಟಕಿ ಪಕ್ಕ ಕೂತಿದ್ದಾರೆ."

"ಕಾಗದದ ಮೇಲೆ ಕೂತಿದ್ದಾರೆ ಅಂದ್ರೆ ಕೂತಿದ್ದಾರೆ. ಚಿತ್ರದಲ್ಲೂ ಕೂರಿಸಬಹುದು. ರೇಡಿಯೋದಲ್ಲಿ ಸದ್ದು ಮಾಡದವರು ಇಲ್ಲವೇ ಇಲ್ಲ. ಅವರದ್ದೊಂದು ಸದ್ದು ಹಿಡ್ಕೊಂಡು ಬಾ. ಸಿಗದಿದ್ರೆ ಆ ಪಾತ್ರ ತೆಗೆದುಬಿಡು."

ಅಂಕಲ್ ಅಂದರೆ, ಅಪ್ಪ ತೀರಿಕೊಂಡ ಎರಡು ವರ್ಷದ ಮೇಲೆ ಅಮ್ಮ ಮದುವೆಯಾದವರು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವರು ಮನೆಗೆ ಬಂದ ಹೊಸದರಲ್ಲಿ ಮೇಷ್ಟ್ರು ಹೀಗೆ ಹೇಳಿದ್ದರೆ ಹುಡುಗಿ ಅವರನ್ನು ಸಂತೋಷವಾಗಿಯೇ ತೆಗೆದುಬಿಡುತ್ತಿದ್ದಳು. ಈಗ ಮಾತ್ರ ಯಾಕೋ ಮನಸ್ಸು ಒಪ್ಪಲಿಲ್ಲ.

ಮನೆಗೆ ಬಂದವಳೇ ರೆಕಾರ್ಡರ್ ಹಿಡಿದು ಅವರ ಬೆನ್ನು ಬಿದ್ದಳು. ಆಸಾಮಿ ಜಗ್ಗುವವರಲ್ಲ. ಚಹಾದ ಲೋಟವನ್ನು ಮಡಚಿದ ಪೇಪರಿನ ಮೇಲಿಟ್ಟರು. ಕುರ್ಚಿಯನ್ನು ಎಳೆಯದೆ ಎತ್ತಿ ಇಟ್ಟರು. ಬಂದ ಸೀನನ್ನೂ ನುಂಗಿಕೊಂಡರು.

"ಬೆಕ್ಕಾದ್ರೂ ಒಂದ್ಸಲ ಮಿಯಾಂವ್ ಅನ್ನುತ್ತೆ ಕಣೆ," ಎಂದು ಅಮ್ಮ ಅಡುಗೆಮನೆಯಿಂದಲೇ ನಕ್ಕಳು.

ಹುಡುಗಿಗೆ ತಾಳ್ಮೆ ಕೆಟ್ಟಿತು. "ಅಂಕಲ್, ನೀವು ಯಾಕೆ ಒಂಚೂರೂ ಸದ್ದು ಮಾಡಲ್ಲ?"

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಾನು ಬಂದಾಗ ನೀನಿನ್ನೂ ಚಿಕ್ಕವಳು. ನಿಮ್ಮಪ್ಪನ ಹತ್ರ ಇದ್ದ ಮನೆ ಕೀಲಿಯನ್ನೇ ನಿಮ್ಮಮ್ಮ ನನಗೆ ಕೊಟ್ಟಿದ್ದಳು. ಸಂಜೆ ಅದು ಬೀಗದಲ್ಲಿ ಕಟಕಟ ಅಂದ್ರೆ ಸಾಕು, ಅಪ್ಪನೇ ಬಂದ್ರು ಅನ್ನೋ ಹಾಗೆ ನೀನು ಒಳಗಿಂದ ಓಡಿ ಬರ್ತಿದ್ದೆ. ಬಾಗಿಲು ತೆಗೆದವನು ನಾನು ಅಂತ ಗೊತ್ತಾದ ತಕ್ಷಣ ಅರ್ಧದಲ್ಲೇ ನಿಂತುಬಿಡ್ತಿದ್ದೆ. ಅದನ್ನ ನೋಡೋಕೆ ಆಗ್ತಿರಲಿಲ್ಲ ನನಗೆ. ಮೆಲ್ಲಗೆ ಕೀಲಿ ತಿರುಗಿಸೋದು ಕಲಿತೆ. ಆಮೇಲೆ ಎಲ್ಲದಕ್ಕೂ ಅದೇ ರೂಢಿ ಆಗೋಯ್ತು."

ಹುಡುಗಿಗೆ ಆ ಸಂಜೆಗಳು ನೆನಪಾದವು. ತಾನು ಓಡಿದ್ದು ನೆನಪಿತ್ತು. ಬಾಗಿಲಲ್ಲಿ ನಿಂತಿದ್ದವರಿಗೆ ಹೇಗಾಗಿರಬಹುದು ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

"ಹೊರಗೆ ಹೋಗಿ ಅಂಕಲ್," ಎಂದಳು.

ಅವರ ಮುಖ ಸಣ್ಣದಾಯಿತು.

"ಅಯ್ಯೋ, ಹಾಗಲ್ಲ! ಹೊರಗಿಂದ ಬೀಗ ತೆಗೆದು ಒಳಗೆ ಬನ್ನಿ. ಜೋರಾಗಿ. ನಾಟಕಕ್ಕೆ ಬೇಕು."

ಮೊದಲ ಸಲ ಬಾಗಿಲು ತೆರೆದದ್ದೇ ಗೊತ್ತಾಗಲಿಲ್ಲ. "ಕಟ್! ನಿಮ್ಮದು ಕಳ್ಳನ ಪಾತ್ರ ಅಲ್ಲ ಅಂಕಲ್!" ಎರಡನೆಯ ಸಲ ಗಾಬರಿಯಲ್ಲಿ ಕೀಲಿ ಬೀಳಿಸಿಕೊಂಡು, ಬಾಗಿಲಿಗೇ "ಸಾರಿ, ಸಾರಿ" ಅಂದರು. ಅಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತು ನಕ್ಕಳು. ಹುಡುಗಿ ರೆಕಾರ್ಡರನ್ನು ಬಾಗಿಲ ಬಳಿಯ ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೋದಳು. "ಇನ್ನೊಂದ್ಸಲ!" ಎಂದು ಅಲ್ಲಿಂದಲೇ ಕೂಗಿದಳು.

ಮರುದಿನ ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡರು. ಬೀಗದಲ್ಲಿ ಕೀಲಿ ಕಟಕಟ ಎಂದಿತು, ಬಾಗಿಲು ಧಡ್ಡೆಂದು ತೆರೆಯಿತು. "ಈಗ ಬಂದ್ರು ನೋಡು ನಿಮ್ಮ ಅಂಕಲ್!" ಎಂದವರು ಹುಬ್ಬೇರಿಸಿದರು. "ಇದೇನು, ಯಾರೋ ಓಡಿ ಬರೋ ಸದ್ದೂ ಇದೆ? ನೀನು ಬರೆದದ್ದರಲ್ಲಿ ಇದಿಲ್ಲವಲ್ಲ."

"ಇರಲಿಲ್ಲ ಸರ್."

ಮೇಷ್ಟ್ರು ಮತ್ತೆ ಕೇಳಿದರು. ಹುಡುಗಿಯ ಹೆಜ್ಜೆಗಳು ಒಳಗಿನಿಂದ ಹೊರಟು ಬಾಗಿಲವರೆಗೂ ಓಡಿ ಬಂದವು. ನಡುವೆ ಎಲ್ಲೂ ನಿಲ್ಲಲಿಲ್ಲ.