ಬಿರುಕಿನ ಕೆಳಗಿನ ಊರು

ಮೂವತ್ತೊಂದನೆಯ ಕಂತು ಓದಿದ ಮೇಲೆ ಶಿವಸ್ವಾಮಿಗೆ ತಡೆಯಲಾಗಲಿಲ್ಲ. 'ನಾಳೆಯೇ ಬರುತ್ತೇನೆ' ಎಂದು ಒಂದೇ ಸಾಲು ಬರೆದು, ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದ. ಅಲ್ಲಿಂದ ಮಾದೇಶನ ಊರು ಚಂದಕವಾಡಿ ಎಷ್ಟು ದೂರ? ಆಷಾಢ ಮುಗಿಯಲು ಆರೇ ದಿನವಿತ್ತು. ಅಷ್ಟರೊಳಗೆ ಮಾದೇಶನನ್ನು ಕರೆದುಕೊಂಡು ಹೋಗಿಬಿಡಬೇಕು. ಅವನ ಹೆಂಡತಿ ತವರಿನಿಂದ ವಾಪಸು ಬಂದಳೆಂದರೆ ಮುಗಿಯಿತು.

ಅದು ಇಬ್ಬರೂ ಸೇರಿ ಬರೆಯುತ್ತಿದ್ದ ಕಾದಂಬರಿ. ಶಿವಸ್ವಾಮಿ ಇತಿಹಾಸದ ಮೇಷ್ಟ್ರು, ಮಾದೇಶ ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟು. ರೋಮಿನ ಹಳೆಯ ಐತಿಹ್ಯವೊಂದನ್ನು ಹೇಳಿದವನು ಮೇಷ್ಟ್ರೇ. ನಗರದ ನಟ್ಟನಡುವೆ ನೆಲ ಬಿರಿಯಿತಂತೆ. ಊರಿಗೆ ಯಾವುದು ಎಲ್ಲಕ್ಕಿಂತ ಪ್ರಿಯವೋ ಅದನ್ನು ಹಾಕಿದರಷ್ಟೇ ಮುಚ್ಚುತ್ತದೆ ಎಂದಿತಂತೆ ದೈವ. ಒಬ್ಬ ಸವಾರ ಕುದುರೆ ಸಮೇತ ಹಾರಿದನಂತೆ, ನೆಲ ಕೂಡಿಕೊಂಡಿತಂತೆ.

"ಅಂಗಾರೆ ಅವನ್ನ ಪ್ರೀತಿಸ್ದೋರ ಗತಿ ಏನ್ಲಾ?" ಎಂದು ಕೇಳಿದ್ದ ಮಾದೇಶ.

ಕಾದಂಬರಿ ಹುಟ್ಟಿದ್ದು ಆ ಪ್ರಶ್ನೆಯಿಂದ. ಸವಾರನ ಮಾತು ಮಾದೇಶನದು. ಅವನನ್ನು ಪ್ರೀತಿಸುವ ಲಾಯದಾಳಿನ ಮಾತು ಶಿವಸ್ವಾಮಿಯದು. ಕಥೆಗಳ ಆ್ಯಪಿನಲ್ಲಿ ಇಬ್ಬರಿಗೂ ಒಂದೇ ಖಾತೆ, ಒಂದು ಸುಳ್ಳು ಹೆಸರು. ಎದುರಾ ಎದುರು ಬಾಯಿಬಿಡಲಾಗದ್ದನ್ನೆಲ್ಲ ಅಲ್ಲಿ ಬರೆದುಕೊಂಡರು.

ವೈಶಾಖದಲ್ಲಿ ಮಾದೇಶನಿಗೆ ಮದುವೆ ಗೊತ್ತಾಯಿತು. ಕಾಡಿನ ಪಕ್ಕದ ಪುಣಜನೂರಿನ ಹುಡುಗಿ, ಕುಮಾರಿ. ಬಿ.ಎ. ಅರ್ಧಕ್ಕೆ ಬಿಡಿಸಿ ಧಾರೆ ಎರೆಯಲು ನಿಂತಿದ್ದರು. ಮದುವೆಗೆ ನಾಲ್ಕು ದಿನವಿರುವಾಗ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಾದೇಶ ಮುಖ ತಿರುಗಿಸಿಕೊಂಡೇ ಹೇಳಿದ.

"ಇಲ್ಲಿಗೆ ಸಾಕು ಮಾಡ್ಬುಡನ ಕಣ್ಲಾ. ಫೋನ್ ಮಾಡ್ಬ್ಯಾಡ. ಮನೆ ತಾವೂ ಬರ್ಬ್ಯಾಡ."

ಅವತ್ತೇ ಕೊನೆಯ ಕಂತು ಬರೆದ. ಸವಾರ ಬಿರುಕಿಗೆ ಹಾರಿದ. ಶಿವಸ್ವಾಮಿಯೂ ಎದೆ ಕಲ್ಲು ಮಾಡಿಕೊಂಡು, ಅಮ್ಮ ರಾಚಮ್ಮ ನೋಡಿದ ಹುಡುಗಿಗೆ ಹೂಂ ಎಂದ. ನಿಶ್ಚಿತಾರ್ಥವೂ ಆಗಿಹೋಯಿತು.

ಮಾದೇಶನ ಮದುವೆಯಾಗಿ ಹದಿನೈದು ದಿನಕ್ಕೆ ಹೊಸ ಕಂತು ಬಂತು ನೋಡಿ! ಸವಾರ ಸತ್ತಿರಲಿಲ್ಲ. ಬಿರುಕಿನ ಕೆಳಗೊಂದು ಊರಿತ್ತು, ಅಲ್ಲಿದ್ದ. ಅಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಮಿಕ್ಕಿದ್ದು ಅವನಿಗೆ. 'ಲಾಯದವನೇ, ನಿನ್ನ ಓಲೆಗಳನ್ನೆಲ್ಲ ಮೊದಲಿನಿಂದ ಓದಿದೆ. ಒಬ್ಬರನ್ನು ಹೀಗೂ ಪ್ರೀತಿಸಬಹುದು ಎಂದು ನನಗೆ ಗೊತ್ತಿರಲಿಲ್ಲ.'

ಶಿವಸ್ವಾಮಿ ಗೋಡೆಗೊರಗಿ ಅತ್ತ. ಅಯ್ಯೋ, ಬಾಯಿ ಬೇಡವೆಂದರೂ ಕರುಳು ಬಿಟ್ಟಿಲ್ಲವಲ್ಲ! ತಾನೂ ಬರೆದ, ಉತ್ತರವೂ ಬಂತು. ಮಾದೇಶ ಹಿಂದೆಂದೂ ಇಷ್ಟು ಚೆನ್ನಾಗಿ ಬರೆದವನಲ್ಲ. ಮೊದಲೆಲ್ಲ ಕತ್ತಿ, ಗುರಾಣಿ, ಧೂಳು ಎಂದು ಅಬ್ಬರಿಸುತ್ತಿದ್ದವನು ಈಗ ಲಾಯದವನನ್ನು ಊಟ ಮಾಡಿದೆಯಾ ಎಂದು ಕೇಳುತ್ತಿದ್ದ. ಕಷ್ಟ ಬಂದರೆ ಮನುಷ್ಯ ಮಾಗುತ್ತಾನೆ ಎಂದುಕೊಂಡ ಮೇಷ್ಟ್ರು.

ಆಷಾಢ ಹುಟ್ಟಿದ್ದೇ ತಡ, ಕಂತಿನ ಮೇಲೆ ಕಂತು ಬಂದವು. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಕುಮಾರಿಯನ್ನು ತವರಿಗೆ ಕಳಿಸಿರುತ್ತಾರೆ, ಮಾದೇಶನಿಗೆ ಈಗ ಬಿಡುವು ಎಂದು ಶಿವಸ್ವಾಮಿ ಒಳಗೊಳಗೇ ಹಿಗ್ಗಿದ. ಕಥೆಯಲ್ಲಿ ಸವಾರನನ್ನು ಕಾಡಂಚಿನ ಪಾಳೆಯಕ್ಕೆ ಕಳಿಸಿದ್ದರು. ಅಲ್ಲಿ ಆನೆಗಳು ಹೊಲಕ್ಕೆ ನುಗ್ಗುತ್ತಿದ್ದವು, ಜನ ತಗಡಿನ ಡಬ್ಬ ಬಡಿದು ಓಡಿಸುತ್ತಿದ್ದರು. ರೋಮಿನಲ್ಲಿ ತಗಡಿನ ಡಬ್ಬ ಎಲ್ಲಿತ್ತಪ್ಪಾ ಎಂದು ನಗುತ್ತಲೇ ಮೇಷ್ಟ್ರು ಅದನ್ನು ಕಂಚಿನ ಗುರಾಣಿ ಎಂದು ತಿದ್ದಿದ.

ಆ ಕಂತುಗಳ ಧೈರ್ಯದ ಮೇಲೆಯೇ ಅವನು ನಿಶ್ಚಿತಾರ್ಥ ಮುರಿದದ್ದು. ಅಮ್ಮನ ಮುಂದೆ ಕೂತು, ತಾನು ಎಂಥವನು, ಯಾರನ್ನು ಪ್ರೀತಿಸಿದ್ದೇನೆ ಎಂಬುದನ್ನೆಲ್ಲ ಇದ್ದದ್ದು ಇದ್ದಂತೆ ಹೇಳಿದ. ರಾಚಮ್ಮ ಸೆರಗು ಕೊಡವಿಕೊಂಡು ಎದ್ದಳು.

"ಆ ಎಣ್ಮಗೀನ ಮಾನವ ಬೀದಿಗ್ ತಂದ್ಬುಟ್ಟಲ್ಲಪ್ಪ. ಇನ್ನು ನನ್ ಮುಂದ್ಕ ಬರ್ಬ್ಯಾಡ, ಓಗು."

ಹತ್ತು ದಿನವಾಗಿತ್ತು, ಆಕೆ ಮಗನೊಡನೆ ಮಾತಾಡಿರಲಿಲ್ಲ. ಅವನು ಮೈಸೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದ. ಊರು ಹೋದರೆ ಹೋಗಲಿ, ಮಾದೇಶನೊಬ್ಬ ಸಿಕ್ಕರೆ ಸಾಕಿತ್ತು. ಮೂವತ್ತೊಂದನೆಯ ಕಂತು ಹೀಗೆ ಮುಗಿದಿತ್ತು: 'ನನ್ನನ್ನು ಮತ್ತೆ ಕೆಳಗಿನ ಊರಿಗೆ ಕಳಿಸುವ ದಿನ ಹತ್ತಿರವಾಯಿತು. ನಾನು ಹೋಗಲಾರೆ. ಬಂದು ಕರೆದುಕೊಂಡು ಹೋಗು.'

ಚಂದಕವಾಡಿಯಲ್ಲಿ ಮಾದೇಶ ಕೊಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೆ ಕೈಯನ್ನು ಬಕೆಟ್ಟಿಗಿಳಿಸಿ ಹಸುವಿಗೆ ಬೂಸಾ ಕಲಸುತ್ತಿದ್ದ. ಶಿವಸ್ವಾಮಿಯನ್ನು ಕಂಡವನೇ ಬೆಚ್ಚಿ ಬೀದಿಯ ಕಡೆ ನೋಡಿದ.

"ಯಾಕ್ಲಾ ಬಂದೆ? ಬರ್ಬ್ಯಾಡ ಅಂದಿರ್ನಿಲ್ವಾ?"

"ನೀನೇ ಕರ್ದೆಯಲ್ಲಾ! ಬಟ್ಟೆ ತಕ್ಕೊ, ಓಗನ. ಮೈಸೂರಲ್ಲಿ ಮನೆ ಮಾಡಿವ್ನಿ. ನಮ್ಮವ್ವಂಗೂ ಎಲ್ಲಾ ಯೋಳ್ಬುಟ್ಟೆ."

"ಯೋಳ್ಬುಟ್ಯಾ?" ಮಾದೇಶನ ಮುಖ ಬಿಳಿಚಿತು. "ನಿಂಗೇನ್ ತಲೆ ಕೆಟ್ಟದಾ? ನಾನ್ಯಾವಾಗ್ಲಾ ಕರ್ದೆ? ಎಲ್ಲಾನೂ ಮರ್ತು ಎಂಗೋ ಬಾಳ್ವೆ ಮಾಡ್ತಾವ್ನಿ."

ಶಿವಸ್ವಾಮಿ ಫೋನು ತೆಗೆದು ಅವನ ಮುಖಕ್ಕೆ ಹಿಡಿದ. ಮಾದೇಶ ಕತ್ತು ಚಾಚಿ ಓದಿದ. ಬಿರುಕಿನ ಕೆಳಗಿನ ಊರು ಯಾವುದೆಂದು ಅವನಿಗೆ ತಿಳಿಯಲೇ ಇಲ್ಲ. ಅವನ ಕೈ ಇನ್ನೂ ಬೂಸಾದಲ್ಲೇ ಇತ್ತು. ಅಷ್ಟರಲ್ಲಿ ಶಿವಸ್ವಾಮಿಯ ಫೋನು ಟಿಣ್ ಎಂದಿತು. ಇಬ್ಬರ ಕಣ್ಣೆದುರಿಗೇ ಮೂವತ್ತೆರಡನೆಯ ಕಂತು ತೆರೆದುಕೊಂಡಿತು: 'ಹೊರಟೆಯಾ? ನಾನು ಬಾಗಿಲಲ್ಲೇ ನಿಂತಿದ್ದೇನೆ.'

ಮಾದೇಶ ಅದನ್ನು ಎರಡು ಸಲ ಓದಿದ. ಆಮೇಲೆ ಬೂಸಾ ಮೆತ್ತಿದ ಕೈಯಲ್ಲೇ ಹಣೆ ಹಿಡಿದುಕೊಂಡ.

"ಮದ್ವೇಲಿ ಮಾವ ಒಸ ಫೋನ್ ಕೊಡ್ಸುದ್ರು, ಅಳೇದ ಕುಮಾರಿಗೆ ಕೊಟ್ಬುಟ್ಟೆ ಕಣ್ಲಾ. ಆ್ಯಪೂ ಅದ್ರಲ್ಲೇ ಇತ್ತು. ಪುಣಜನೂರಲ್ಲಿ ಬಾಗ್ಲಲ್ಲಿ ನಿಂತಿರೋಳು ನನ್ ಎಂಡ್ತಿ."