ಏನೂ ತಾಗದ ಜೋಲಿ

ಮೂರನೆಯ ಜೋಲಿಯಿಂದಲೂ ಮೆಲಾತಿ ಕೊಸರಿಕೊಂಡು ಹೊರಬಿತ್ತು. ಎದೆಮಟ್ಟದ ನೀರಿನಲ್ಲಿ ನಿಂತಿದ್ದ ಸಾದ್ರಜ್ಜ ತಟ್ಟನೆ ಎರಡೂ ತೋಳು ಚಾಚಿ ಅದರ ಹೊಟ್ಟೆಯಡಿಗೆ ಕೊಟ್ಟ. ಮುದಿ ಡಾಲ್ಫಿನ್ ಬುಸ್ಸೆಂದು ಉಸಿರು ಬಿಟ್ಟು ಅವನ ತೋಳುಗಳ ಮೇಲೆ ಭಾರವಾಯಿತು.

“ಇದೂ ಹಿಡಿಸ್ಲಿಲ್ವಂತೆ ಕಣೇ ಮಗಳೇ,” ಅಜ್ಜ ತನ್ನ ದೋಣಿಯಲ್ಲಿ ಕೂತಿದ್ದ ಸುಕ್ರಾನಿಯ ಕಡೆ ನೋಡಿದ. “ನಲವತ್ತು ವರ್ಷದಲ್ಲಿ ನನ್ನ ಹೆಂಡ್ತಿ ಕೂಡ ಹಾಸಿಗೆಗೆ ಇಷ್ಟು ತಕರಾರು ಮಾಡಿಲ್ಲ.”

ಸುಕ್ರಾನಿಗೆ ನಗಲೂ ತ್ರಾಣವಿರಲಿಲ್ಲ. ಹೋಟೆಲಿನವರು ತಮ್ಮ ಡಾಲ್ಫಿನ್ ಕೊಳ ಮುಚ್ಚಿದ ಮೇಲೆ ಮೆಲಾತಿಯನ್ನು ಈ ಕೊಲ್ಲಿಯ ಬಲೆಯಾವರಣಕ್ಕೆ ತಂದುಬಿಟ್ಟು ಆರು ದಿನವಾಗಿತ್ತು. ತೇಲುವಷ್ಟು ಶಕ್ತಿ ಅದಕ್ಕಿಲ್ಲ, ಕೈಬಿಟ್ಟರೆ ಮುಳುಗುತ್ತದೆ. ಊರಿನ ಗಂಡಸರು ಮೀನು ಹಿಡಿಯುವುದನ್ನು ಬಿಟ್ಟು ಸರದಿಯ ಮೇಲೆ ಅದನ್ನು ಎತ್ತಿ ಹಿಡಿದುಕೊಂಡಿದ್ದರು. ದೋಣಿಯ ಮೈಗೂ ಅಡ್ಡಗೋಲಿನಿಂದ ಅದಕ್ಕೆ ಜೋಡಿಸಿದ್ದ, ಪಕ್ಕದಲ್ಲಿ ತೇಲುವ ಬಿದಿರಿಗೂ ನಡುವಿನ ನೀರಿನಲ್ಲಿ ಜೋಲಿ ಕಟ್ಟುವುದು ಪ್ರಾಣಿಗಳ ಡಾಕ್ಟರ ಯೋಜನೆ. ಹೊಲಿಗೆ ಸುಕ್ರಾನಿಯದು, ಆ ದಂಡೆಯಲ್ಲಿ ಹಾಯಿ ಹೊಲಿಯುವುದರಲ್ಲಿ ಅವಳದೇ ಎತ್ತಿದ ಕೈ. ಎದೆಗೆ ಕಟ್ಟಿದ ಬಟ್ಟೆಯಲ್ಲಿ ಅವಳ ಕೂಸು ಮಲಗಿತ್ತು. ಊರಿನ ಪದ್ಧತಿಯಂತೆ, ಹುಟ್ಟಿ ನೂರೈದು ದಿನ ತುಂಬುವವರೆಗೆ ಅದರ ಕಾಲು ನೆಲಕ್ಕೆ ತಾಗಬಾರದು; ಮನೆಯಲ್ಲೂ ತೋಳಿನಿಂದ ತೋಳಿಗೆ ಅದೇ ಸರದಿ. ಒಂದನ್ನು ನೆಲಕ್ಕೆ ಇಳಿಸುವಂತಿಲ್ಲ, ಇನ್ನೊಂದನ್ನು ನೀರಿಗೆ ಬಿಡುವಂತಿಲ್ಲ. ನಿದ್ದೆ ಯಾವುದು, ಎಚ್ಚರ ಯಾವುದು ಎನ್ನುವುದೇ ಸುಕ್ರಾನಿಗೆ ಕಲಸಿಹೋಗಿತ್ತು.

“ನಿನ್ನ ಕೂಸಾದ್ರೂ ಇನ್ನು ಒಂಬತ್ತು ದಿನಕ್ಕೆ ಕೆಳಗಿಳಿಯುತ್ತೆ,” ಅಜ್ಜ ಸೋತ ಭುಜ ಆಡಿಸಿದ. “ಈ ಅಜ್ಜಿ ಯಾವಾಗ ಇಳೀತಾಳೋ.”

“ಸಂಜೆಗೆ ಲಾರಿ ಬರುತ್ತೆ,” ಅಜ್ಜನ ಪಕ್ಕ ನೀರಿನಲ್ಲಿ ನಿಂತಿದ್ದ ಡಾಕ್ಟರ್ ಪ್ರಾಸೆತ್ಯೊ ತಗ್ಗಿದ ದನಿಯಲ್ಲಿ ಹೇಳಿದರು. “ನಿಮ್ಮವರ ತೋಳಲ್ಲಿ ಇನ್ನೇನೂ ಉಳಿದಿಲ್ಲ. ಅಷ್ಟರೊಳಗೆ ಇದು ಜೋಲಿಯಲ್ಲಿ ಮಲಗದಿದ್ರೆ ನಗರದ ತೊಟ್ಟಿಗೆ ಸಾಗಿಸ್ಬೇಕು. ಈ ವಯಸ್ಸಲ್ಲಿ ಅಲ್ಲಿಗೆ ಹೋದ್ರೆ ಮತ್ತೆ ಕಡಲು ಕಾಣಲ್ಲ.”

ಸುಕ್ರಾನಿ ಜೋಲಿಯನ್ನು ಮಡಿಲಿಗೆ ಎಳೆದುಕೊಂಡಳು. ಹಳೆಯ ಹಾಯಿಬಟ್ಟೆ, ಎಲ್ಲೂ ಗಂಟಿಲ್ಲ, ರೆಕ್ಕೆಗಳಿಗೆ ಕಿಂಡಿ, ಒಳಗೆಲ್ಲ ಸ್ಪಂಜು. ಮೆಲಾತಿಯ ಎಡಪಕ್ಕೆಯಲ್ಲಿ ಚರ್ಮ ಕೆಟ್ಟಿದೆಯೆಂದು ಅಲ್ಲಿಗೆ ಮಾತ್ರ ಎರಡು ಪದರ. ಇನ್ನೇನು ಬೇಕು ಇದಕ್ಕೆ? ದಬ್ಬಳ ಬೆರಳಲ್ಲೇ ಇತ್ತು. ಬಿಸಿಲು ನೀರಿನ ಮೇಲೆ ಸಣ್ಣಗೆ ಕುಣಿಯುತ್ತಿತ್ತು. ಕೂಸಿನ ಉಸಿರು, ಮೆಲಾತಿಯ ಉಸಿರು, ಒಂದಾದ ಮೇಲೆ ಒಂದು. ಯಾವುದು ಯಾರದೆಂದು ಲೆಕ್ಕವಿಡುತ್ತ ಇಡುತ್ತ ಅವಳ ಕಣ್ಣು ಮುಚ್ಚಿತು. ಒಂದು ದೊಡ್ಡ ಬಿಳಿ ಹಾಯಿ ಎಲ್ಲಿಂದಲೋ ಇಳಿದು ಬಂದು ಅವಳ ಕೈಯಡಿ ಮಲಗಿತು. ಅದಕ್ಕೆ ಮೈ ಬೆಚ್ಚಗಿತ್ತು. ಎಲ್ಲಿ ಸವೆದಿದೆ, ಎಲ್ಲಿ ತೇಪೆ ಹಾಕಬೇಕು ಎಂದು ಅವಳ ಬೆರಳು ಅಭ್ಯಾಸದಂತೆ ನೇವರಿಸುತ್ತ ಹೋಯಿತು. ಒಂದು ಕಡೆ ತಡೆಯಿತು. ಅಲ್ಲಿ ಬಟ್ಟೆ ಹಿಮ್ಮಡಿಯ ಹಾಗೆ ದಪ್ಪಗಟ್ಟಿತ್ತು. ಓ, ಇದು ಹಾಯಿ ತನ್ನ ಬಿದಿರುಗಂಬಕ್ಕೆ ಒರಗುತ್ತಿದ್ದ ಜಾಗ, ಅಂದುಕೊಂಡಳು.

ಕಣ್ಣು ತೆರೆದಾಗ ಕೈ ದೋಣಿಯ ಅಂಚಿನಿಂದ ನೀರಿಗೆ ಜೋತುಬಿದ್ದಿತ್ತು. ಅಜ್ಜ ಆಸರೆಗೆಂದು ಮೆಲಾತಿಯನ್ನು ದೋಣಿಯ ಹತ್ತಿರ ತಂದಿದ್ದ. ಅವಳ ಬೆರಳು ಇದ್ದದ್ದು ಅದರ ಎಡಪಕ್ಕೆಯ ಮೇಲೆ.

“ಡಾಕ್ಟ್ರೇ, ಇದು ಹುಣ್ಣಲ್ಲ. ಒರಗಿ ಒರಗಿ ಆಗಿರೋದು.”

“ಆ ಕೊಳದಲ್ಲಿ ಯಾವಾಗ್ಲೂ ಗೋಡೆಗೆ ಅಂಟ್ಕೊಂಡೇ ಇರ್ತಿತ್ತಂತೆ,” ಎಂದರು ಡಾಕ್ಟರು. “ಹದಿನೆಂಟು ವರ್ಷ. ಆ ಗೋಡೆಯಿಂದ ಬಿಡಿಸೋಕೇ ತಾನೇ ಇಲ್ಲಿಗೆ ತಂದಿದ್ದು?”

“ಅಯ್ಯೋ, ನಾನೆಂಥಾ ದಡ್ಡಿ!” ಸುಕ್ರಾನಿ ಕತ್ತರಿಗೆ ತಡಕಾಡಿದಳು. “ಕೂಸಿಗೆ ಮಾಡೋ ಹಾಗೆ ಮಾಡ್ಬಿಟ್ಟೆ. ಏನೂ ತಾಗಬಾರದು, ಏನೂ ತಾಗಬಾರದು ಅಂತ ನಡುನೀರಲ್ಲಿ ನೇತುಹಾಕ್ದೆ. ಪಾಪ, ಅದಕ್ಕೆ ತಾಗೋಕೆ ಏನಾದ್ರೂ ಬೇಕಿತ್ತು.”

ಎಡಗಡೆಯ ಸ್ಪಂಜನ್ನೆಲ್ಲ ಅವಳು ಕತ್ತರಿಸಿ ತೆಗೆದಳು. ಡಾಕ್ಟರು ಜೋಲಿಯ ಹಗ್ಗಗಳನ್ನು ದೋಣಿಯ ಕಡೆಗೆ ಬಿಗಿಯಾಗಿ ಎಳೆದು ಕಟ್ಟಿದರು. ಅಜ್ಜ ಮೆಲಾತಿಯನ್ನು ಮೆಲ್ಲಗೆ ಒಳಗೆ ಜಾರಿಸಿದ. ಅದು ಒಮ್ಮೆ ಮೈ ಕೊಸರಿತು. ಪಕ್ಕೆಗೆ ದೋಣಿಯ ಗಟ್ಟಿ ಮರ ತಾಗಿತು. ಇನ್ನೊಮ್ಮೆ, ಪರೀಕ್ಷಿಸುವ ಹಾಗೆ, ತಾನೇ ತಾಗಿಸಿ ನೋಡಿತು. ಆಮೇಲೆ ತನ್ನ ಭಾರವನ್ನೆಲ್ಲ ಅದಕ್ಕೆ ಕೊಟ್ಟುಬಿಟ್ಟಿತು.

ಮೆಲಾತಿಯ ಉಸಿರು ಉದ್ದವಾಗುತ್ತ ಬಂತು.

“ಈ ಕಡೆ ಕಣ್ಣು ಮುಚ್ತು, ನಿದ್ದೆ ಬಂತು,” ಡಾಕ್ಟರು ಪಿಸುಗುಟ್ಟಿದರು. ಹಗ್ಗದ ಬಿಗಿತ ಮುಟ್ಟಿ ನೋಡಿ, “ಆದ್ರೆ ಸುಕ್ರಾನಿ ಅವ್ರೇ, ಮತ್ತೆ ಗೋಡೆಗೇ ಒರಗಿಸಿದ ಹಾಗಾಯ್ತಲ್ಲ,” ಎಂದರು.

“ಮೊದ್ಲು ಮಲಗ್ಲಿ. ಎದ್ದ ಮೇಲೆ ದಿನಕ್ಕೆ ಒಂದೊಂದು ಗೇಣು ಹಗ್ಗ ಸಡಿಲ ಮಾಡೋಣ.”

ದಂಡೆಯ ಮೇಲೆ ಲಾರಿ ಬಂದು ನಿಂತು ಹಾರ್ನ್ ಹೊಡೆಯಿತು. ಡಾಕ್ಟರು ತಿರುಗದೆಯೇ ಕೈಯೆತ್ತಿ, ಬೇಡ ಎಂದು ಆಡಿಸಿದರು. ಸಾದ್ರಜ್ಜನ ಖಾಲಿ ತೋಳುಗಳು ಇನ್ನೂ ನೀರಿನಲ್ಲಿ ಚಾಚಿಕೊಂಡೇ ಇದ್ದವು. ಮಡಚುವುದು ಅವುಗಳಿಗೆ ಮರೆತುಹೋದಂತಿತ್ತು. ಅಷ್ಟರಲ್ಲಿ ಉಬ್ಬರದ ಮೊದಲ ಅಲೆ ಒಳಬಂದು ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸಿತು. ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಮೆಲಾತಿಯ ಗೋಡೆ ಉಸಿರಾಡಿತು.